ಬೆವನ್ ಕಲಿತಿದ್ದು ಎಲ್ಲಿ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಕಟ್ಟಿದ ಅನೈರಿನ್ ಬೆವನ್ 13ನೇ ವಯಸ್ಸಿಗೇ ಶಾಲೆ ಬಿಟ್ಟವರಂತೆ. ಮಾತು ತೊದಲುತ್ತಿತ್ತಂತೆ. ಡಾಕ್ಟರಂತೂ ಅಲ್ಲವೇ ಅಲ್ಲ. ಅಂಥವರಿಗೆ ಆರೋಗ್ಯ ಖಾತೆ ಸಿಕ್ಕಿದ್ದು ಬರೀ ಅದೃಷ್ಟ ಅಲ್ವಾ?"

ಪ್ರಿಯ ಓದುಗರೇ,

ನೀವು ಬರೆದ ಸಂಗತಿಗಳೆಲ್ಲ ನಿಜ. ಅದೃಷ್ಟ ಅನ್ನುವ ಮಾತನ್ನು ಮಾತ್ರ ನಾನು ಒಪ್ಪಲಾರೆ. ಬೆವನ್ ಮಂತ್ರಿಯಾಗುವ ಮೊದಲಿನ ವರ್ಷಗಳನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಅವರು ಹುಟ್ಟಿದ್ದು 1897ರಲ್ಲಿ, ಸೌತ್ ವೇಲ್ಸ್‌ನ ಟ್ರೆಡೀಗರ್ ಎಂಬ ಕಲ್ಲಿದ್ದಲ ಊರಿನಲ್ಲಿ. ಅಪ್ಪ ಡೇವಿಡ್ ಗಣಿ ಕೆಲಸಗಾರ, ಮನೆ ತುಂಬ ಮಕ್ಕಳು. ಶಾಲೆ ಹುಡುಗನಿಗೆ ಒಗ್ಗಲೇ ಇಲ್ಲ, ಬಿಟ್ಟು ಗಣಿಗೆ ಇಳಿದ. ಆದರೆ ಓದು ನಿಲ್ಲಲಿಲ್ಲ. ಊರಿನ ಕೆಲಸಗಾರರು ತಮ್ಮ ಕೂಲಿಯಿಂದ ದುಡ್ಡು ಹಾಕಿ ನಡೆಸುತ್ತಿದ್ದ ಒಂದು ಒಳ್ಳೆಯ ಲೈಬ್ರರಿ ಅಲ್ಲಿತ್ತು. ಬೆವನ್ ನಿಜವಾಗಿ ಓದಿದ್ದು ಅಲ್ಲೇ. ತೊದಲಿನ ವಿಷಯವೂ ಇದಕ್ಕೆ ಸೇರಿದ್ದು: ಒಂದು ಪದ ನಾಲಿಗೆಗೆ ತಡೆದರೆ ಥಟ್ಟನೆ ಇನ್ನೊಂದು ಸಿಗಬೇಕು ಅಂತ ಪದಗಳನ್ನು ಹುಡುಕಿ ಹುಡುಕಿ ಕಲಿತರು, ಜನರ ಮುಂದೆ ಬಿಡದೆ ಮಾತಾಡುತ್ತಾ ತೊದಲನ್ನು ಹಿಡಿತಕ್ಕೆ ತಂದರು. ಮುಂದೆ ಪಾರ್ಲಿಮೆಂಟಿನಲ್ಲಿ ಚರ್ಚಿಲ್ ಅವರನ್ನೇ ಎದುರಿಸಿ ಮಾತಾಡಿದ್ದು ಇದೇ ಹುಡುಗ.

19ರ ಹೊತ್ತಿಗೆ ಊರಿನ ಗಣಿ ಕಾರ್ಮಿಕರ ಸಂಘದ ಶಾಖೆಗೆ ಅಧ್ಯಕ್ಷರಾಗಿದ್ದರು. 1919ರಲ್ಲಿ ಸಂಘವೇ ಖರ್ಚು ಕೊಟ್ಟು ಅವರನ್ನು ಲಂಡನ್ನಿನ ಸೆಂಟ್ರಲ್ ಲೇಬರ್ ಕಾಲೇಜಿಗೆ ಕಳಿಸಿತು. ಎರಡು ವರ್ಷ ಓದಿ ಊರಿಗೆ ಬಂದರೆ ಗಣಿಯವರು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ. ವರ್ಷಗಟ್ಟಲೆ ನಿರುದ್ಯೋಗ. ಆ ನಡುವೆ, 1925ರಲ್ಲಿ, ಕಲ್ಲಿದ್ದಲ ಧೂಳು ಶ್ವಾಸಕೋಶಕ್ಕೆ ಸೇರಿ ಬರುವ ಕಾಯಿಲೆಯಿಂದ ಅಪ್ಪ ಮಗನ ತೋಳಿನಲ್ಲೇ ತೀರಿಕೊಂಡರು. ಆ ಕಾಯಿಲೆಗೆ ಆಗ ಪರಿಹಾರ ಕೊಡುವ ಕಾನೂನೇ ಇರಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಜೀವಮಾನವಿಡೀ ದುಡಿದ ಜಾಗವೇ ಆ ಮನುಷ್ಯನ ಉಸಿರು ತೆಗೆಯಿತು, ಮನೆಯವರಿಗೆ ಬಿಡಿಗಾಸೂ ಸಿಗಲಿಲ್ಲ.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ಟ್ರೆಡೀಗರಿನಲ್ಲಿ 1890ರ ಸುಮಾರಿನಿಂದಲೇ ಕೆಲಸಗಾರರ ವೈದ್ಯಕೀಯ ನೆರವಿನ ಸಂಘ ಇತ್ತು. ಕೂಲಿಯ ಪ್ರತಿ ಪೌಂಡಿಗೆ ಮೂರು ಪೆನ್ನಿಯಂತೆ ಎಲ್ಲರೂ ಕೊಡಬೇಕು. ಆ ದುಡ್ಡಿನಲ್ಲಿ ಸಂಘ ಡಾಕ್ಟರು, ಸರ್ಜನ್, ನರ್ಸ್, ಹಲ್ಲಿನ ಡಾಕ್ಟರು ಎಲ್ಲರನ್ನೂ ಇಟ್ಟುಕೊಂಡಿತ್ತು. ಊರಿನ ಬಹುಪಾಲು ಜನ ಅದರ ನೆರಳಿನಲ್ಲಿದ್ದರು. ಕಾಯಿಲೆ ಬಿದ್ದಾಗ ಜೇಬು ನೋಡಿಕೊಳ್ಳುವ ಹಾಗಿರಲಿಲ್ಲ, ಡಾಕ್ಟರ ಹತ್ತಿರ ಹೋದರಾಯಿತು. ಬೆವನ್ 1922ರಲ್ಲಿ ಊರಿನ ಕೌನ್ಸಿಲ್‌ಗೆ ಆರಿಸಿ ಬಂದರು, ಊರಿನ ಆಸ್ಪತ್ರೆಯ ಸಮಿತಿಯಲ್ಲೂ ಕೂತರು. ಹಾಗಾಗಿ ಆಸ್ಪತ್ರೆಯ ಲೆಕ್ಕ, ಡಾಕ್ಟರ ಸಂಬಳ, ಅದರ ಸುತ್ತಲಿನ ಜಗಳ ಎಲ್ಲವನ್ನೂ ಮಂತ್ರಿಯಾಗುವ ಎಷ್ಟೋ ವರ್ಷ ಮೊದಲೇ ಹತ್ತಿರದಿಂದ ನೋಡಿದ್ದರು. ವೈದ್ಯಕೀಯ ಪದವಿ ಇದನ್ನು ಕಲಿಸುವುದಿಲ್ಲ ಅಂತ ನನ್ನ ಅಭಿಪ್ರಾಯ. ಟ್ರೆಡೀಗರಿನವರಿಗೆ ಇದ್ದ ಸೌಲಭ್ಯವನ್ನೇ ಇಡೀ ದೇಶಕ್ಕೆ ಕೊಡುತ್ತಿದ್ದೇನೆ ಅಂತ ಅವರೇ ಹೇಳುತ್ತಿದ್ದರು.

1929ರಲ್ಲಿ ಎಬ್ಬು ವೇಲ್‌ನಿಂದ ಗೆದ್ದು ಪಾರ್ಲಿಮೆಂಟಿಗೆ ಹೋದರು, ಸಾಯುವವರೆಗೂ ಆ ಕ್ಷೇತ್ರ ಅವರದೇ. 1939ರಲ್ಲಿ ಲೇಬರ್ ಪಕ್ಷ ಅವರನ್ನು ಹೊರಗೂ ಹಾಕಿತ್ತು, ಕೆಲವು ತಿಂಗಳ ನಂತರ ವಾಪಸ್ ತೆಗೆದುಕೊಂಡಿತು. ಹೀಗೆ ಪಕ್ಷಕ್ಕೇ ತಲೆನೋವಾಗಿದ್ದ, ಮಂತ್ರಿಯಾಗಿ ಒಂದು ದಿನದ ಅನುಭವವೂ ಇಲ್ಲದ 47ರ ಮನುಷ್ಯನಿಗೆ 1945ರಲ್ಲಿ ಲೇಬರ್ ಪಕ್ಷದ ಪ್ರಧಾನಿ ಅಟ್ಲಿ ಆರೋಗ್ಯ ಖಾತೆ ಕೊಟ್ಟರು. ಅಟ್ಲಿಯವರ ಧೈರ್ಯ ದೊಡ್ಡದು, ಅದನ್ನು ಒಪ್ಪುತ್ತೇನೆ. ಡಾಕ್ಟರುಗಳ ಸಂಘ ಜೋರಾಗಿಯೇ ವಿರೋಧಿಸಿತು. ಆದರೂ 1948ರ ಜುಲೈ 5ರಂದು ಸೇವೆ ಶುರುವಾಯಿತು. ನಮ್ಮ ಕರ್ನಾಟಕದಿಂದ ಹೋದ ಎಷ್ಟೋ ಡಾಕ್ಟರು, ನರ್ಸುಗಳು ಇವತ್ತು ಅದರಲ್ಲಿ ದುಡಿಯುತ್ತಿದ್ದಾರೆ.

ಅಧಿಕಾರ ಸುಮ್ನೆ ಕೈಗೆ ಬಿದ್ದವರು ಅದನ್ನು ಸುಲಭಕ್ಕೆ ಬಿಡುವುದಿಲ್ಲ. 1951ರಲ್ಲಿ ಅವರದೇ ಸರ್ಕಾರ ಕಟ್ಟಿಸುವ ಹಲ್ಲಿಗೂ ಕನ್ನಡಕಕ್ಕೂ ಶುಲ್ಕ ಹಾಕಲು ಹೊರಟಾಗ ಬೆವನ್ ರಾಜೀನಾಮೆ ಕೊಟ್ಟು ಹೊರಗೆ ಬಂದರು.

- ಸಂಪಾದಕ