ಬೀಗರಿಗೆ ಅವರ ಇಂಗ್ಲಿಷ್ ಅಡ್ಡಹೆಸರಿನ ಚರಿತ್ರೆ, ಲಾಂಛನ ಮಾಡಿಸಿ ಉಡುಗೊರೆ ಕೊಡಬೇಕು. ಯಾವ ವೆಬ್‌ಸೈಟ್ ಒಳ್ಳೆಯದು?

ಯಾವುದೂ ಒಳ್ಳೆಯದಲ್ಲ, ದುಡ್ಡು ಹಾಕಬೇಡಿ. ನಿಮ್ಮ ಬೀಗರು ವಾಕರ್ ಮನೆತನದವರು ಅಂತ ಬರೆದಿದ್ದೀರಿ. ನನ್ನ ಗಂಡನ ಮನೆಯವರು ಥ್ಯಾಕ್ರೆ, ಇಂಗ್ಲೆಂಡಿನ ಲೀಡ್ಸ್ ಊರಿನವರು. ನೀವು ಈಗ ಹೊರಟಿರುವ ದಾರಿಯಲ್ಲಿ ನಾನು 2022ರಲ್ಲೇ ಹೋಗಿ, ಮುಗ್ಗರಿಸಿ, ಎಲ್ಲರೆದುರು ಬಿದ್ದವಳು.

ನಾನು ಧಾರವಾಡದವಳು. ಹುಡುಗನ ಹೆಸರು ಹೇಳಿದಾಗ ಫೋನಿನಲ್ಲಿ ನಮ್ಮವ್ವ ಮೊದಲು ಕೇಳಿದ್ದು, "ಠಾಕ್ರೆ ಅಂದ್ರ ಮುಂಬೈಯವ್ರೇನವಾ?" ಪಕ್ಕದಲ್ಲಿದ್ದ ಅಪ್ಪ, "ಅಲ್ಲ ತಗೀ, ನಮ್ಮ ಕಿತ್ತೂರಾಗ ಸತ್ತನಲ್ಲ, ಅವನ ಪೈಕಿ ಇರಬೇಕು" ಅಂದರು. ಅಪ್ಪ ಅಂದದ್ದು ಚೇಷ್ಟೆಗೆ. ನನಗೆ ಅದು ತಲೆಯಲ್ಲೇ ಕೂತುಬಿಟ್ಟಿತು.

ಕೂರದೆ ಇನ್ನೇನು? 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಗುಂಡು ತಿಂದು ಸತ್ತ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ. ಕಿತ್ತೂರು ಚೆನ್ನಮ್ಮನ ನಾಟಕ ನೋಡದೆ ನಮ್ಮ ಕಡೆ ಯಾರೂ ಶಾಲೆ ಮುಗಿಸುವುದಿಲ್ಲ. ಆರನೇ ಇಯತ್ತೆಯಲ್ಲಿ ನಾನೇ ಥ್ಯಾಕರೆ. ಹುಡುಗಿಯರ ಶಾಲೆ, ಎಲ್ಲರಿಗಿಂತ ಎತ್ತರ ನಾನು. ಅಣ್ಣನ ಎನ್‌ಸಿಸಿ ಬೆಲ್ಟು, ರಟ್ಟಿನ ಟೋಪಿ, ಕುದುರೆಯ ಬದಲು ಬೆಂಚು. ಅಮಟೂರ ಬಾಳಪ್ಪ ಆದವಳು ಬಂದೂಕು ಎತ್ತಿದ ಕೂಡಲೆ ಪರದೆಯ ಹಿಂದೆ ಒಬ್ಬಳು ಗಾಳಿ ತುಂಬಿದ ಕಾಗದದ ಚೀಲ ಒಡೆಯಬೇಕು, ನಾನು ಬೆಂಚಿನಿಂದ ಬೀಳಬೇಕು. ಚೀಲ ಒಡೆಯಲೇ ಇಲ್ಲ. ಕಾದು ಕಾದು, ಸದ್ದಿಲ್ಲದ ಗುಂಡಿಗೇ ಬಿದ್ದುಬಿಟ್ಟೆ. ಇಂಥ ನಾನು ಥ್ಯಾಕ್ರೆ ಮನೆಯ ಸೊಸೆಯಾದೆ ಅಂದರೆ, ಅದರಲ್ಲೊಂದು ಋಣಾನುಬಂಧ ಇರಲೇಬೇಕು ಅಂತ ನನಗೆ ಅನ್ನಿಸಿತು. ಹಾಳಾದದ್ದು ಅಲ್ಲಿಂದಲೇ.

ಹೆಸರಿನ ಅರ್ಥ ಸುಲಭವಾಗಿ ಸಿಕ್ಕಿತು, ಅದರಲ್ಲಿ ತಪ್ಪೂ ಇಲ್ಲ. ಯಾರ್ಕ್‌ಶೈರಿನಲ್ಲಿ ವಾಶ್‌ಬರ್ನ್ ಅನ್ನುವ ಸಣ್ಣ ಹೊಳೆ ಇದೆ. ಅದರ ಕಣಿವೆಯಲ್ಲಿ ಥ್ಯಾಕ್ರೆ ಅನ್ನುವ ಜಾಗವಿತ್ತು. ಆ ಸೀಮೆಗೆ ಬಂದು ನೆಲೆಸಿದ ವೈಕಿಂಗರ ಭಾಷೆಯಲ್ಲಿ 'ಥಾಕ್' ಅಂದರೆ ಸೂರಿಗೆ ಹೊದಿಸುವ ಹುಲ್ಲು, 'ವ್ರಾ' ಅಂದರೆ ಮೂಲೆ. ಜೊಂಡುಹುಲ್ಲು ಸಿಗುವ ಮೂಲೆ ಅಂತಿಟ್ಟುಕೊಳ್ಳಿ. ಆ ಮೂಲೆ ಈಗ ನೋಡಲು ಸಿಗುವುದಿಲ್ಲ. ಲೀಡ್ಸ್ ನಗರಕ್ಕೆ ಕುಡಿಯುವ ನೀರಿಗಾಗಿ 1870ರ ದಶಕದಲ್ಲಿ ಕಣಿವೆಗೆ ಅಡ್ಡ ಕಟ್ಟೆಗಳನ್ನು ಕಟ್ಟಿದರು. ಥ್ಯಾಕ್ರೆ ಇದ್ದ ಜಾಗ ಫ್ಯೂಸ್ಟನ್ ಜಲಾಶಯದ ಕೆಳಗೆ ಹೋಯಿತು. ಲಿಂಗನಮಕ್ಕಿಯ ಮುಳುಗಡೆ ಕಂಡವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಸುಮಾರು 1400ರವರೆಗೆ ಅಲ್ಲಿನ ಸಾಮಾನ್ಯ ಜನಕ್ಕೆ ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಅಡ್ಡಹೆಸರು ಗಟ್ಟಿಯಾಗಿ ನಿಂತಿರಲಿಲ್ಲ. ಊರು ಬಿಟ್ಟು ಹೋದವನನ್ನು ಹೊಸ ಊರಿನವರು 'ಥ್ಯಾಕ್ರೆಯ ವಿಲಿಯಂ' ಅಂತ ಕರೆಯುತ್ತಿದ್ದರು, ಬರುಬರುತ್ತ ಅದೇ ಮಕ್ಕಳಿಗೂ ಅಂಟಿತು. ನಮ್ಮ ಬೆಟಗೇರಿ, ಕಲಬುರ್ಗಿ ಅಡ್ಡಹೆಸರುಗಳಂತೆಯೇ. ಬೆಟಗೇರಿ ಅಂತಿರುವವರೆಲ್ಲ ಅಣ್ಣತಮ್ಮಂದಿರಾ? ಇದನ್ನು ಧಾರವಾಡದಲ್ಲಿ ಯಾರಾದರೂ ಕೇಳಿದ್ದರೆ ನಗುತ್ತಿದ್ದೆ. ಇಂಗ್ಲೆಂಡಿನಲ್ಲಿ ಮಾತ್ರ ನನಗೆ ಆ ನಗು ಬರಲಿಲ್ಲ.

ಇನ್ನು ತಪ್ಪಿನ ವಿಷಯ. ಸ್ವಲ್ಪ ಉದ್ದ ಹೇಳುತ್ತೇನೆ, ಓದಿ.

ಕಿತ್ತೂರಿನಲ್ಲಿ ಸತ್ತವನು ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ ಚಿಕ್ಕಪ್ಪ. (ಬಾಳಾಸಾಹೇಬರ ತಂದೆ ಪ್ರಬೋಧನಕಾರರು ತಮ್ಮ ಹೆಸರಿನ ಇಂಗ್ಲಿಷ್ ಸ್ಪೆಲಿಂಗನ್ನು ಈ ಕಾದಂಬರಿಕಾರನಿಂದ ತೆಗೆದುಕೊಂಡರು ಅಂತ ಹೇಳುತ್ತಾರೆ, ಹಾಗಾಗಿ ನಮ್ಮವ್ವನ ಪ್ರಶ್ನೆ ಪೂರ್ತಿ ಹುಚ್ಚಲ್ಲ.) ಆ ಮನೆತನದ ಮೂಲ ಯಾರ್ಕ್‌ಶೈರಿನ ಹ್ಯಾಂಪ್ಸ್‌ತ್‌ವೇಟ್ ಹಳ್ಳಿ. ನಾನು ಹುಡುಕಾಟ ಶುರುಮಾಡಿದ್ದು ಅಲ್ಲಿಂದ, ಮೇಲಿನಿಂದ ಕೆಳಕ್ಕೆ. ಎಲ್ಲಿಗೆ ಮುಟ್ಟಬೇಕು ಅಂತ ಮೊದಲೇ ತೀರ್ಮಾನಿಸಿ ದಾರಿ ಹುಡುಕುವವರಿಗೆ ದಾರಿ ಸಿಕ್ಕೇ ಸಿಗುತ್ತದೆ.

ನಮ್ಮ ಮಾವನ ಮುತ್ತಜ್ಜನ ಅಪ್ಪ 1841ರ ಜನಗಣತಿಯಲ್ಲಿ ಲೀಡ್ಸಿನಲ್ಲಿದ್ದಾನೆ. ವಯಸ್ಸು 25. ಆ ವರ್ಷದ ಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಕೆಳಗಿನ ಐದಕ್ಕೆ ಇಳಿಸಿ ಬರೆಯಿರಿ ಅಂತ ಗಣತಿಯವರಿಗೆ ಹೇಳಿದ್ದರು. ಅಂದರೆ 25 ಅಂತಿದ್ದವನು 29 ಇದ್ದರೂ ಇರಬಹುದು. ಹುಟ್ಟಿದ ಊರನ್ನೂ ಬರೆಯಲಿಲ್ಲ, ಇದೇ ಕೌಂಟಿಯವನೋ ಅಲ್ಲವೋ ಅಷ್ಟೇ. ಊರಿನ ಹೆಸರು ಬರೆಯಲು ಶುರುವಾದದ್ದು 1851ರಲ್ಲಿ. ಅಷ್ಟರೊಳಗೆ ಈ ಪುಣ್ಯಾತ್ಮ ತೀರಿಕೊಂಡಿದ್ದ. ಚರ್ಚಿನ ದೀಕ್ಷಾಸ್ನಾನದ ದಾಖಲೆಗಳಲ್ಲಿ ಅದೇ ಹೆಸರಿನ ಇಬ್ಬರು ಸಿಕ್ಕರು. ಒಬ್ಬ 1812ರವನು, ಹ್ಯಾಂಪ್ಸ್‌ತ್‌ವೇಟಿನ ಹತ್ತಿರದ ರೈತನ ಮಗ. ಇನ್ನೊಬ್ಬ 1815ರವನು, ಲೀಡ್ಸ್ ಪಕ್ಕದ ನೇಕಾರನ ಮಗ. ಇಬ್ಬರೂ '25'ಕ್ಕೆ ಹೊಂದುತ್ತಾರೆ. ನಾನು ರೈತನ ಮಗನನ್ನು ಆರಿಸಿಕೊಂಡೆ. ಯಾಕೆ? ಅವನಿಂದ ಕಿತ್ತೂರು ಹತ್ತಿರ. ಇದು ಬಿಟ್ಟು ಬೇರೆ ಕಾರಣ ಇರಲಿಲ್ಲ. ಆನ್‌ಲೈನಿನಲ್ಲಿ ಯಾರೋ ಕಟ್ಟಿದ್ದ ವಂಶವೃಕ್ಷಕ್ಕೆ ಅವನನ್ನು ಜೋಡಿಸಿದ ಕೂಡಲೆ ಮೇಲಿನ ಐದಾರು ತಲೆಮಾರು ತಾವಾಗಿಯೇ ತುಂಬಿಕೊಂಡವು. ಆ ರಾತ್ರಿ ನಿದ್ದೆ ಬರಲಿಲ್ಲ, ಸಂತೋಷಕ್ಕೆ.

ಇದನ್ನು ಒರೆಗೆ ಹಚ್ಚುವ ಕಾಗದ ಒಂದೇ ಒಂದಿತ್ತು. ಅವನ ಮದುವೆ 1839ರಲ್ಲಿ ಆಗಿತ್ತು. ಇಂಗ್ಲೆಂಡಿನಲ್ಲಿ 1837ರ ಜುಲೈಯಿಂದ ಸರ್ಕಾರಿ ನೋಂದಣಿ ಬಂದಿದೆ, ಮದುವೆ ಪ್ರಮಾಣಪತ್ರದಲ್ಲಿ ವರ ವಧು ಇಬ್ಬರ ತಂದೆಯ ಹೆಸರು, ಕಸುಬು ಬರೆದಿರುತ್ತಾರೆ. ಅದರ ಪ್ರತಿಗೆ ಆಗ 11 ಪೌಂಡ್. ತರಿಸಲಿಲ್ಲ. ಸೂಚಿಯಲ್ಲಿ ಹೆಸರು, ಊರು, ವರ್ಷ ಎಲ್ಲ ಸರಿಯಿದೆಯಲ್ಲ, ಇನ್ನೇನು ಬೇಕು ಅಂದುಕೊಂಡೆ. ನಿಜ ಹೇಳಬೇಕೆಂದರೆ ಒಳಗೊಳಗೆ ಹೆದರಿಕೆಯಿತ್ತು, ಅದಕ್ಕೇ ತರಿಸಲಿಲ್ಲ. 11 ಪೌಂಡ್ ಉಳಿಸಿ, ಲಾಂಛನ ಮುದ್ರಿಸಿ ಚೌಕಟ್ಟು ಹಾಕಿಕೊಡುವವರಿಗೆ 180 ಪೌಂಡ್ ಕೊಟ್ಟೆ.

ಮಾವನ ಎಪ್ಪತ್ತನೇ ಹುಟ್ಟುಹಬ್ಬ. ಮೂವತ್ತು ಜನ. ಕಿತ್ತೂರಿನ ಕತೆ, ನನ್ನ ನಾಟಕದ ಕತೆ ಎಲ್ಲ ಹೇಳಿ, ಚಪ್ಪಾಳೆ ತಟ್ಟಿಸಿಕೊಂಡು ಚೌಕಟ್ಟು ಕೊಟ್ಟೆ. ಮಾವನ ಅಕ್ಕ ಏನೂ ಮಾತಾಡಲಿಲ್ಲ. ಮಾರನೇ ವಾರ ಚಹಾಕ್ಕೆ ಕರೆದು ಬಿಸ್ಕತ್ತಿನ ಹಳೆಯ ಡಬ್ಬಿ ಮುಂದಿಟ್ಟರು. ಅದರಲ್ಲಿ ಆ 1839ರ ಪ್ರಮಾಣಪತ್ರ, ನಿವೃತ್ತಿಯಾದ ವರ್ಷ ಅವರೇ ತರಿಸಿಟ್ಟುಕೊಂಡಿದ್ದ ಪ್ರತಿ. ವಯಸ್ಸಿನ ಜಾಗದಲ್ಲಿ 'ಪ್ರಾಪ್ತ ವಯಸ್ಕ' ಅಂತಷ್ಟೇ. ವರನ ತಂದೆಯ ಕಸುಬು: ನೇಕಾರ. ಸಹಿಯ ಜಾಗದಲ್ಲಿ ಒಂದು ಗುಣಿಸು ಗುರುತು, ಸುತ್ತ ಪಾದ್ರಿಯ ಕೈಬರಹದಲ್ಲಿ 'ಇದು ಅವನ ಗುರುತು' ಅಂತ. "ನಮ್ಮಲ್ಲಿ ಯಾರೂ ಕುದುರೆ ಹತ್ತಿದವರಲ್ಲ ಕಣಮ್ಮ" ಅಂದು ಇನ್ನೊಂದು ಕಪ್ ಚಹಾ ಸುರಿದರು. ಬೈದಿದ್ದರೆ ವಾಸಿಯಿತ್ತು.

ಅವಮಾನ ಮರೆಯಬಹುದು. ನಾನು ಆನ್‌ಲೈನಿಗೆ ಹಾಕಿದ್ದ ಮರವನ್ನು ಅಷ್ಟರೊಳಗೆ ಬೇರೆಯವರು ನಕಲು ಮಾಡಿಕೊಂಡಿದ್ದರು. ನಾನು ಎಣಿಸಿದಾಗ ಹದಿನಾಲ್ಕು ಮರಗಳಲ್ಲಿ ನನ್ನ ತಪ್ಪು ಬೇರು ಬಿಟ್ಟಿತ್ತು. ಎಲ್ಲರಿಗೂ ಬರೆದೆ. ತಿದ್ದಿದವರು ಮೂವರು. ಒಬ್ಬರಂತೂ ನನ್ನದೇ ಹಳೆಯ ಮರವನ್ನು ನನಗೆ ಸಾಕ್ಷಿಯಾಗಿ ಕಳಿಸಿದರು!

ಈಗ ನಿಮ್ಮ ವಾಕರ್. 'ನಡೆಯುವವನು' ಅಂತ ಬರೆದಿದ್ದೀರಿ. ನಡೆಯುವುದೇನೋ ಹೌದು, ಆದರೆ ತೊಟ್ಟಿಯೊಳಗೆ. ನೇಯ್ದ ಉಣ್ಣೆಬಟ್ಟೆಯನ್ನು ನೆನೆಹಾಕಿ, ಹಳಸಿದ ಉಚ್ಚೆಯನ್ನೂ ಬಳಸಿ, ಜಿಡ್ಡು ಬಿಟ್ಟು ನೇಯ್ಗೆ ಬಿಗಿಯಾಗುವವರೆಗೆ ಕಾಲಲ್ಲಿ ತುಳಿಯುತ್ತಿದ್ದವನು ವಾಕರ್. ಅದೇ ಕಸುಬಿನವನು ದಕ್ಷಿಣದ ಕಡೆ ಫುಲ್ಲರ್, ನೈಋತ್ಯದಲ್ಲಿ ಟಕ್ಕರ್. ಉಣ್ಣೆ ನೇಯುವ ಊರಿಗೆಲ್ಲ ಒಬ್ಬ ತುಳಿಯುವವನು ಬೇಕಿತ್ತು, ಹಾಗಾಗಿ ಒಬ್ಬರಿಗೊಬ್ಬರು ಸಂಬಂಧವಿಲ್ಲದ ವಾಕರ್ ಮನೆತನಗಳು ಲೆಕ್ಕವಿಲ್ಲದಷ್ಟು. ನಮ್ಮ ಬಡಿಗೇರ, ಕುಂಬಾರರಂತೆ. ಅಷ್ಟೂ ಜನಕ್ಕೆ ಒಂದೇ ಚರಿತ್ರೆ ಬರೆದು ಮಾರುವವರನ್ನು ನಂಬುತ್ತೀರಾ?

ಲಾಂಛನದ ಮಾತೂ ಅಷ್ಟೇ. ಇಂಗ್ಲೆಂಡಿನಲ್ಲಿ ಅದು ಒಬ್ಬ ವ್ಯಕ್ತಿಗೆ ಕೊಟ್ಟದ್ದು, ಅವನ ಗಂಡು ಸಂತತಿಗೆ ಇಳಿಯುವಂಥದ್ದು. ಅಡ್ಡಹೆಸರಿಗೆ ಅಂತ ಲಾಂಛನ ಇಲ್ಲವೇ ಇಲ್ಲ. 1484ರಿಂದ ಇದನ್ನೇ ನೋಡಿಕೊಳ್ಳುವ 'ಕಾಲೇಜ್ ಆಫ್ ಆರ್ಮ್ಸ್' ಸಂಸ್ಥೆ ಹೇಳುವುದೂ ಅದನ್ನೇ. ಬೀಗರಿಗೆ ಬೇರೆ ವಾಕರನ ಲಾಂಛನ ಕೊಡುವುದೆಂದರೆ ಪಕ್ಕದ ಮನೆಯ ಅಜ್ಜನ ಫೋಟೋಕ್ಕೆ ಹಾರ ಹಾಕಿ ಕೊಟ್ಟಂತೆ.

ಕೊಡಲೇಬೇಕು ಅಂತಿದ್ದರೆ ಬೀಗರ ಅಜ್ಜ ಅಜ್ಜಿಯ ಮದುವೆ ಎಲ್ಲಿ, ಯಾವ ವರ್ಷ ಅಂತ ಮಗಳ ಮೂಲಕ ಕೇಳಿಸಿ. ಆ ಪ್ರಮಾಣಪತ್ರ ತರಿಸಿ. ಅದರಲ್ಲಿರುವ ತಂದೆಯ ಹೆಸರು ಹಿಡಿದು ಒಂದು ಮೆಟ್ಟಿಲು ಹಿಂದಕ್ಕೆ ಹೋಗಿ, ಮತ್ತೊಂದು ತರಿಸಿ. ಮೂರು ಕಾಗದ ಆದರೆ ಸಾಕು. ಅದಕ್ಕಿಂತ ಮೊದಲು ಆ ಮನೆಯಲ್ಲಿ ಬಿಸ್ಕತ್ತಿನ ಡಬ್ಬಿ ಇಟ್ಟುಕೊಂಡಿರುವ ಹಿರಿಯ ಹೆಂಗಸು ಯಾರು ಅಂತ ವಿಚಾರಿಸಿ.

ನನ್ನ ಚೌಕಟ್ಟನ್ನು ಮಾವ ಎಸೆಯಲಿಲ್ಲ. ಕೆಳಗಿನ ಟಾಯ್ಲೆಟ್ಟಿನಲ್ಲಿ, ಕಮೋಡಿನ ಎದುರು ಗೋಡೆಗೆ ಹಾಕಿದ್ದಾರೆ. ಹೋದ ವರ್ಷ ಬಂದಿದ್ದ ಅಪ್ಪ ಅದರ ಫೋಟೋ ತೆಗೆದು ಧಾರವಾಡದ ನಮ್ಮ ಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿದರು, ಕೆಳಗೆ ಒಂದೇ ಸಾಲು: "ಥ್ಯಾಕರೆ ಸಾಹೇಬ ಇಲ್ಲಿ ಅದಾನ ನೋಡ್ರಿ."