ಪದವಿನಲ್ಲಿ ಓಡಿಸುವ ಬಗ್ಗಿಗೆ ಯಾವ ಮೋಟಾರ್?

ಬದಿಯಡ್ಕದ ಹತ್ತಿರ ಮುರಕಲ್ಲಿನ ಪದವಿನಲ್ಲಿ (ಗುಡ್ಡದ ಮೇಲಿನ ಬೋಳು ಬಯಲಿನಲ್ಲಿ) 1/10 ಅಳತೆಯ ಟೂ ವೀಲ್ ಡ್ರೈವ್ ಬಗ್ಗಿ (ರಿಮೋಟಿನಲ್ಲಿ ಓಡಿಸುವ ಆಟದ ಕಾರು), 2ಎಸ್ ಲಿಪೊ ಬ್ಯಾಟರಿ (ಎರಡು ಸೆಲ್ಲಿನದು, 7.4 ವೋಲ್ಟ್), 5.5 ಟರ್ನ್ ಬ್ರಶ್‌ಲೆಸ್ ಮೋಟಾರ್ ಹಾಕಬಹುದಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೇ. ಟರ್ನ್ (ಮೋಟಾರಿನೊಳಗೆ ತಂತಿ ಸುತ್ತಿದ ಲೆಕ್ಕ) ಕಡಿಮೆಯಾದಷ್ಟೂ ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ) ಜಾಸ್ತಿ, ವೇಗ ಜಾಸ್ತಿ, ಬಿಸಿಯೂ ಜಾಸ್ತಿ. ಆ ಸಡಿಲ ಕೆಂಪು ಹರಳಿನ ಮೇಲೆ ಹಿಂದಿನ ಚಕ್ರ ಸುಮ್ನೆ ತಿರುಗುತ್ತದೆ, ಅಷ್ಟೇ.

540 ಸೈಜಿನ 10.5 ಅಥವಾ 13.5 ಟರ್ನ್ ಸಾಕು. ಸೆನ್ಸರ್ ಇರುವುದನ್ನೇ ತೆಗೆದುಕೊಳ್ಳಿ, ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿಯಲ್ಲೂ ಸೆನ್ಸರ್ ತಂತಿಗೆ ಜಾಗ ಇರಬೇಕು. ಸೆನ್ಸರ್ ಇಲ್ಲದಿದ್ದರೆ ನಿಂತಲ್ಲಿಂದ ಹೊರಡುವಾಗ ರೋಟರ್ (ಮೋಟಾರಿನೊಳಗೆ ತಿರುಗುವ ಮ್ಯಾಗ್ನೆಟ್) ಯಾವ ಕಡೆಗಿದೆ ಅಂತ ಇಎಸ್‌ಸಿಗೆ ಗೊತ್ತಾಗುವುದಿಲ್ಲ, ಮೋಟಾರ್ ತಡವರಿಸುತ್ತದೆ. ತಿರುವುಗಳಲ್ಲಿ ನಿಧಾನಕ್ಕೆ ಹೋಗುವಾಗ ಇದು ದೊಡ್ಡ ಕಿರಿಕಿರಿ.

ಅಂಗಡಿಯವರು ಕೆವಿ ಮಾತ್ರ ಹೇಳಿದರೆ ವೋಲ್ಟೇಜಿಗೆ ಗುಣಿಸಿ ನೋಡಿ. 3300 ಕೆವಿ, 7.4 ವೋಲ್ಟ್ ಅಂದರೆ ಲೋಡ್ ಇಲ್ಲದೆ ನಿಮಿಷಕ್ಕೆ ಸುಮಾರು 24,400 ಸುತ್ತು.

ಪಿನಿಯನ್ (ಮೋಟಾರಿನ ಶಾಫ್ಟಿಗೆ ಹಾಕುವ ಹಲ್ಲಿನ ಚಕ್ರ) ಚಿಕ್ಕದರಿಂದ ಶುರು ಮಾಡಿ. ಐದು ನಿಮಿಷ ಓಡಿಸಿ ಮೋಟಾರಿನ ಬಿಸಿ ಅಳೆಯಿರಿ. 75 ಡಿಗ್ರಿ ದಾಟಿದರೆ ಒಂದು ಹಲ್ಲು ಇಳಿಸಿ. ವಿಪರೀತ ಬಿಸಿಗೆ ಮ್ಯಾಗ್ನೆಟ್ಟಿನ ಶಕ್ತಿ ಹೋದರೆ ಮತ್ತೆ ಬರುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ನಮ್ಮ ಪದವು ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ವಾ!

ಹಾಂ, ರೇಸಿಗೆ ಅಂತಲೇ ಆದರೆ ಕ್ಲಾಸಿನ (ಸ್ಪರ್ಧೆಯ ವಿಭಾಗದ) ನಿಯಮ ಮೊದಲು ಕೇಳಿ. ಸ್ಟಾಕ್ ಕ್ಲಾಸಿನಲ್ಲಿ ಎಷ್ಟೋ ಕಡೆ 17.5 ಟರ್ನ್ ಮಾತ್ರ ಬಿಡುತ್ತಾರೆ.