ಘಾಟಿಯ ಕಾಮಗಾರಿಗೆ ಯಾವ ಸಿಗ್ನಲ್, ಯಾವ ಸೆನ್ಸರ್?

ಕೊಡಗಿನ ರಸ್ತೆ ಕಾಮಗಾರಿಗಳ ಸುರಕ್ಷತೆ ಕುರಿತು ಬಂದ ಪ್ರಶ್ನೆಗಳಿಗೆ ಸಂಚಾರ ಎಂಜಿನಿಯರಿಂಗ್ ತಜ್ಞರ ಉತ್ತರ.

ಪ್ರಶ್ನೆ: ಮಡಿಕೇರಿ–ಸಂಪಾಜೆ ನಡುವೆ ತಡೆಗೋಡೆ ಕೆಲಸ ನಡೆಯುತ್ತಿದೆ. ಸುಮಾರು 200 ಮೀಟರ್ ಉದ್ದಕ್ಕೆ ಅರ್ಧ ರಸ್ತೆ ಮಾತ್ರ ಬಿಟ್ಟಿದ್ದೇವೆ, ನಡುವೆ ಒಂದು ತಿರುವು. ಎರಡೂ ತುದಿಯಲ್ಲಿ ಬಾವುಟ ಹಿಡಿದವರಿದ್ದಾರೆ, ಕೈಯಲ್ಲಿ ವಾಕಿಟಾಕಿ. ಇವರ ಬದಲು ಆಟೊಮ್ಯಾಟಿಕ್ ಸಿಗ್ನಲ್ ಹಾಕಬಹುದೇ? ಟೈಮರ್ ಎಷ್ಟಕ್ಕೆ ಇಡಬೇಕು? – ಸೈಟ್ ಮೇಲ್ವಿಚಾರಕ, ಮಡಿಕೇರಿ

ಉತ್ತರ: ಹಾಕಬಹುದು. ಆದರೆ ಬರೀ ಟೈಮರ್ ಸಿಗ್ನಲ್ ತರಬೇಡಿ, ವಾಹನ ಗುರುತಿಸುವ ರೇಡಾರ್ ಇರುವುದನ್ನೇ ಕೇಳಿ. ಯಾಕೆಂದು ಲೆಕ್ಕ ಹಾಕಿ ನೋಡಿ. 200 ಮೀಟರ್ ದಾಟಲು ಗಂಟೆಗೆ 20 ಕಿ.ಮೀ. ವೇಗದ ಕಾರಿಗೆ 36 ಸೆಕೆಂಡು ಸಾಕು. ಲೋಡ್ ಹೊತ್ತು ಏರು ಹತ್ತುವ ಮರದ ಲಾರಿ 10 ಕಿ.ಮೀ. ವೇಗದಲ್ಲಿ ಬಂದರೆ 72 ಸೆಕೆಂಡು ಬೇಕು. ಎರಡೂ ಕಡೆ ಕೆಂಪು ಇರುವ ಅವಧಿಯನ್ನು ಕಾರಿನ ಲೆಕ್ಕಕ್ಕೆ 40 ಸೆಕೆಂಡ್ ಇಟ್ಟರೆ, ಲಾರಿ ಇನ್ನೂ ತಿರುವಿನಲ್ಲಿರುವಾಗಲೇ ಎದುರಿನವರಿಗೆ ಹಸಿರು ಬರುತ್ತದೆ. ಲಾರಿಯ ಲೆಕ್ಕಕ್ಕೆ 80 ಸೆಕೆಂಡ್ ಇಟ್ಟು, ಹಸಿರು ತಲಾ 30 ಸೆಕೆಂಡ್ ಕೊಟ್ಟರೆ ಒಂದು ಸುತ್ತಿಗೆ 220 ಸೆಕೆಂಡು. ಅಂದರೆ ಒಬ್ಬೊಬ್ಬರು ಮೂರು ನಿಮಿಷಕ್ಕೂ ಮೇಲೆ ಕೆಂಪು ನೋಡುತ್ತಾ ನಿಲ್ಲಬೇಕು. ಖಾಲಿ ರಸ್ತೆ ಎದುರಿಗಿರುವಾಗ ಅಷ್ಟು ಹೊತ್ತು ಯಾರೂ ನಿಲ್ಲುವುದಿಲ್ಲ. ಮೊದಲು ಬೈಕು ನುಗ್ಗುತ್ತದೆ, ಅದರ ಹಿಂದೆ ಜೀಪು.

ರೇಡಾರ್ ಇರುವ ಸಿಗ್ನಲ್ ಒಳಹೋದ ವಾಹನ ಹೊರಬರುವವರೆಗೆ ಕೆಂಪನ್ನು ತಾನೇ ಹಿಡಿದಿಡುತ್ತದೆ, ಕಾರುಗಳಷ್ಟೇ ಇದ್ದರೆ ಬೇಗ ಬಿಡುತ್ತದೆ. ಮಂಜು ಕವಿದಾಗ ಕ್ಯಾಮೆರಾ ಕುರುಡಾದರೂ ರೇಡಾರ್‌ಗೆ ಅಷ್ಟು ತೊಂದರೆಯಿಲ್ಲ. ಆದರೆ ನಮ್ಮಲ್ಲಿ ಅದು ಎಡವುವ ಜಾಗ ಒಂದಿದೆ: ತೋಟದ ಗೇಟು. ಒಳಹೋದ ಪಿಕಪ್ ನಡುವೆಯೇ ಗೇಟಿನೊಳಗೆ ತಿರುಗಿದರೆ ಒಳಗಿರುವ ವಾಹನಗಳ ಎಣಿಕೆ ಸೊನ್ನೆಗೆ ಬರುವುದಿಲ್ಲ, ಸಿಗ್ನಲ್ ಕೆಂಪಲ್ಲೇ ಸಿಕ್ಕಿಕೊಳ್ಳುತ್ತದೆ. ತೋಟದಿಂದ ಹೊರಬರುವವನಿಗಂತೂ ಎರಡೂ ಸಿಗ್ನಲ್ ಕಾಣುವುದೇ ಇಲ್ಲ. ಆದ್ದರಿಂದ ಕೆಂಪಿಗೆ ಗರಿಷ್ಠ ಮಿತಿ, ಕೈಯಿಂದ ಬದಲಿಸುವ ರಿಮೋಟ್, ಗೇಟಿನ ಬಳಿ ಒಬ್ಬ ಬಾವುಟದವ, ಈ ಮೂರೂ ಇರಲಿ. ಬಾವುಟದವರನ್ನು ಪೂರ್ತಿ ಮನೆಗೆ ಕಳಿಸುವ ಯೋಚನೆ ಬೇಡ.

ಎರಡು ಸಿಗ್ನಲ್‌ಗಳ ನಡುವಿನ ಸಂಪರ್ಕ ಮೊಬೈಲ್ ಸಿಮ್ ಮೇಲೆ ನಿಂತಿದ್ದರೆ ಬೇಡವೇ ಬೇಡ. ಘಾಟಿಯಲ್ಲಿ ಟವರ್ ಸಿಗುವ ಕಡೆ ಸಿಗುತ್ತದೆ, ಇಲ್ಲದ ಕಡೆ ಇಲ್ಲ. ಲೈಸೆನ್ಸ್ ಬೇಡದ 865–867 ಮೆಗಾಹರ್ಟ್ಸ್ ರೇಡಿಯೊ ಲಿಂಕ್ ಸಾಕು. ಬರೆ (ರಸ್ತೆ ಬದಿಯ ಗುಡ್ಡದ ಕಡಿದಾದ ಅಂಚು) ಅಡ್ಡ ಬಂದರೆ ಅದೂ ಕಡಿಯುತ್ತದೆ, ಹಾಗಾಗಿ ಎರಡೂ ತುದಿ ಕಾಣುವ ಹಾಗೆ ತಿರುವಿನ ಹೊರಅಂಚಿನಲ್ಲಿ 3–4 ಮೀಟರ್ ಕಂಬ ನಿಲ್ಲಿಸಿ, ಸಂಕೇತವನ್ನು ಹಿಡಿದು ಮುಂದಕ್ಕೆ ಕಳಿಸುವ ರಿಪೀಟರ್ ಕಟ್ಟಿ. ಮೊದಲ ದಿನ ವಾಹನ ಬಿಡುವ ಮುಂಚೆ ಒಂದು ಸಿಗ್ನಲ್‌ನ ಬ್ಯಾಟರಿ ವೈರ್ ಕಳಚಿ ನೋಡಿ. ಇನ್ನೊಂದು ತುದಿ ಕೂಡಲೇ ಕೆಂಪಾಗಬೇಕು. ಹಸಿರಲ್ಲೇ ನಿಂತರೆ ಆ ಸೆಟ್ ವಾಪಸ್ ಕಳಿಸಿ.

ಇನ್ನೊಂದು ಮಾತು. ಎಚ್ಚರಿಕೆ ಫಲಕದ ದೂರವನ್ನು ಎಲ್ಲರೂ ಬ್ಯಾರಿಕೇಡ್‌ನಿಂದ ಅಳೆಯುತ್ತಾರೆ. ಸಿಗ್ನಲ್ ಹಾಕಿದ ಮೇಲೆ ಅಪಾಯ ಇರುವುದು ನಿಂತ ಸಾಲಿನ ಬಾಲದಲ್ಲಿ. 15 ಕಾರು ನಿಂತರೆ ಸಾಲು 100 ಮೀಟರ್ ದಾಟುತ್ತದೆ. ರಸ್ತೆ ವಿನ್ಯಾಸದ ಲೆಕ್ಕದಲ್ಲಿ 40 ಕಿ.ಮೀ. ವೇಗದ ವಾಹನ ನಿಲ್ಲಲು 45 ಮೀಟರ್, 50ಕ್ಕೆ 60 ಮೀಟರ್ ಬೇಕು. ಇಳಿಜಾರು, ಅದರ ಮೇಲೆ ಮಳೆ ಎಂದರೆ ಇನ್ನೂ ಹೆಚ್ಚು. ಆದ್ದರಿಂದ ಮೊದಲ ಫಲಕ ಸಾಲಿನ ಬಾಲಕ್ಕಿಂತಲೂ ಹಿಂದೆ, ವಾಹನ ಬರುವ ಕಡೆ ಇರಬೇಕು, ಬಾಲ ತಿರುವಿನ ಮರೆಗೆ ಹೋಗುವಂತಿದ್ದರೆ ತಿರುವಿಗೂ ಮುಂಚೆ.

ಪ್ರಶ್ನೆ: ಸೋಲಾರ್ ಬ್ಲಿಂಕರ್, ಸೋಲಾರ್ ಸಿಗ್ನಲ್ ಎರಡೂ ಬೇಸಿಗೆಯಲ್ಲಿ ಚೆನ್ನಾಗಿದ್ದವು. ಕಕ್ಕಡದ (ಜುಲೈ–ಆಗಸ್ಟ್) ಮಳೆ ಹಿಡಿದ ಕೂಡಲೇ ಕೆಟ್ಟು ನಿಲ್ಲುತ್ತವೆ. ಕಂಪನಿಯವರು ಬ್ಯಾಟರಿ ಹೊಸದು ಎನ್ನುತ್ತಾರೆ. – ಗುತ್ತಿಗೆದಾರರು, ಸುಂಟಿಕೊಪ್ಪ

ಉತ್ತರ: ಬ್ಯಾಟರಿ ಹೊಸದೇ ಇರಬಹುದು, ತುಂಬಲು ಬಿಸಿಲೆಲ್ಲಿದೆ? ಒಂದು ಸಿಗ್ನಲ್‌ನ ಎಲ್‌ಇಡಿಗೆ 12 ವ್ಯಾಟ್, ರೇಡಾರ್ ಮತ್ತು ಕಂಟ್ರೋಲರ್‌ಗೆ 5 ವ್ಯಾಟ್ ಎಂದುಕೊಂಡರೆ ದಿನಕ್ಕೆ ಸುಮಾರು 400 ವ್ಯಾಟ್-ಗಂಟೆ. 100 ವ್ಯಾಟ್ ಪ್ಯಾನೆಲ್ ಏಪ್ರಿಲ್ ಬಿಸಿಲಿಗೆ ಅಷ್ಟನ್ನು ಕೊಟ್ಟೀತು. ಜುಲೈ ಮೋಡದಲ್ಲಿ, ಅದರಲ್ಲೂ ಮರದ ನೆರಳಲ್ಲಿ, ಕಾಲು ಭಾಗ ಬಂದರೆ ದೊಡ್ಡದು. 12 ವೋಲ್ಟ್, 100 ಆಂಪಿಯರ್-ಗಂಟೆಯ ಲೆಡ್ ಬ್ಯಾಟರಿಯಲ್ಲಿ 1200 ವ್ಯಾಟ್-ಗಂಟೆ ಇದ್ದರೂ ಅರ್ಧಕ್ಕಿಂತ ಹೆಚ್ಚು ಇಳಿಸಿದರೆ ಅದರ ಆಯಸ್ಸೇ ಕಡಿಮೆಯಾಗುತ್ತದೆ. ಹೀಗಾಗಿ ಒಂದೂವರೆ ದಿನ ಎಳೆಯುತ್ತದೆ, ಎರಡನೇ ರಾತ್ರಿ ಮಲಗುತ್ತದೆ.

ಪ್ರತಿ ಸಿಗ್ನಲ್‌ಗೆ ಎರಡು ಬ್ಯಾಟರಿ ಸೆಟ್ ಇಡಿ. ಒಂದು ಕೆಲಸದಲ್ಲಿ, ಒಂದು ಕ್ಯಾಂಪಿನಲ್ಲಿ ಚಾರ್ಜಿಗೆ. ದಿನಾ ಸಂಜೆ 5ಕ್ಕೆ, ಕತ್ತಲಾಗುವ ಮುಂಚೆ, ಬದಲಿಸಿ. ಮಳೆಗಾಲದಲ್ಲಿ ಪ್ಯಾನೆಲ್ ಇದ್ದರೆ ಇರಲಿ, ನಂಬಿಕೆ ಮಾತ್ರ ಬ್ಯಾಟರಿ ಮೇಲಿರಲಿ. ಟರ್ಮಿನಲ್‌ಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಪೆಟ್ಟಿಗೆಯ ವೈರ್ ತೂತು ತಳಭಾಗದಲ್ಲಿರಲಿ, ಮೇಲಿದ್ದರೆ ವೈರ್ ಹಿಡಿದುಕೊಂಡೇ ನೀರು ಒಳಗಿಳಿಯುತ್ತದೆ.

ಬ್ಲಿಂಕರ್‌ಗಳನ್ನು ಮನಸ್ಸಿಗೆ ಬಂದಂತೆ ಕಟ್ಟಿದರೆ ಮಂಜಿನಲ್ಲಿ ಒಂದೊಂದು ಒಂದೊಂದು ಹೊತ್ತಿಗೆ ಮಿನುಗಿ, ರಸ್ತೆ ಯಾವ ಕಡೆ ತಿರುಗಿದೆ ಎಂದೇ ತಿಳಿಯುವುದಿಲ್ಲ. ಸಾಲಾಗಿ ಒಂದರ ಹಿಂದೊಂದು ಹೊತ್ತುವ ಸೆಟ್ ತನ್ನಿ. ಆಗ ಬೆಳಕೇ ದಾರಿ ತೋರುತ್ತದೆ.

ಪ್ರಶ್ನೆ: ಗೋಣಿಕೊಪ್ಪ–ತಿತಿಮತಿ ಕಡೆ ಗುಂಡಿ ಮುಚ್ಚುವ ಕೆಲಸಕ್ಕೆ ‘ಸ್ಮಾರ್ಟ್ ಕೋನ್’ ಕೊಳ್ಳಿ ಎನ್ನುತ್ತಿದ್ದಾರೆ. ವಾಹನ ಒಳನುಗ್ಗಿದರೆ ಸೈರನ್ ಆಗುತ್ತದಂತೆ. ಪ್ರಯೋಜನ ಉಂಟೇ? – ಓದುಗರು, ಗೋಣಿಕೊಪ್ಪ

ಉತ್ತರ: ನೇರ ರಸ್ತೆಯಲ್ಲಿ ಉಂಟು, ಜಾಗ ಬಿಟ್ಟು ಇಟ್ಟರೆ. 50 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 14 ಮೀಟರ್ ಬರುತ್ತದೆ. ಕೋನ್ ಕೆಲಸಗಾರರಿಂದ 60 ಮೀಟರ್ ಹಿಂದಿದ್ದರೆ ಕೈಗೆ ಸಿಗುವುದು 4 ಸೆಕೆಂಡು. 20 ಮೀಟರ್ ಹಿಂದಿದ್ದರೆ ತಲೆ ಎತ್ತುವಷ್ಟರಲ್ಲಿ ಕಾರು ಮೈಮೇಲೆ. ರೋಲರ್ ಸದ್ದಿಗೆ ಸೈರನ್ ಕೇಳುವುದಿಲ್ಲ, ಸೊಂಟಕ್ಕೋ ತೋಳಿಗೋ ಕಟ್ಟುವ ಕಂಪನದ ಪಟ್ಟಿ ಇರುವ ಸೆಟ್ ಒಳ್ಳೆಯದು. ಆನೆ ದಾಟುವ ಆ ಭಾಗದಲ್ಲಿ ಸೈರನ್ ಕೂಗಿಸುವುದು ಹೇಗೂ ಜಾಣತನವಲ್ಲ, ಸಂಜೆಗೆ ಮುಂಚೆ ಕೆಲಸ ಮುಗಿಸಿ ಹೊರಡಿ.

ಬಸ್ಸಿನ ಗಾಳಿಗೆ ಕೋನ್ ಉರುಳಿ ಸುಳ್ಳು ಎಚ್ಚರಿಕೆ ಬರುವುದೇ ಇದರ ದೊಡ್ಡ ಕಾಟ. ನಾಲ್ಕು ಸಲ ಸುಮ್ಮಸುಮ್ಮನೆ ಕೂಗಿದರೆ ಐದನೇ ಸಲಕ್ಕೆ ಯಾರೋ ಸ್ವಿಚ್ ಆರಿಸಿರುತ್ತಾರೆ. ಬುಡಕ್ಕೆ ರಬ್ಬರ್ ತೂಕ ಹಾಕಿ. ಕಲ್ಲು ಇಡಬೇಡಿ, ಚಕ್ರಕ್ಕೆ ಸಿಕ್ಕರೆ ಸಿಡಿಯುತ್ತದೆ.

ಪ್ರಶ್ನೆ: ಬರೆ ಕುಸಿದ ಮಣ್ಣನ್ನು ಮಳೆಯಲ್ಲೇ ಹಿಟಾಚಿಯಿಂದ ತೆಗೆಯುವಾಗ ಮತ್ತೆ ಜರಿಯುವುದನ್ನು ಮೊದಲೇ ತಿಳಿಸುವ ಯಂತ್ರ ಇದೆಯೇ? – ಓದುಗರು, ಮದೆನಾಡು

ಉತ್ತರ: ಇದೆ. ಬರೆಯ ಮೇಲ್ಭಾಗದಲ್ಲಿ ನೆಡುವ ಓರೆ ಅಳೆಯುವ ಸೆನ್ಸರ್ ಕಂಬ, ಬಿರುಕಿಗೆ ಅಡ್ಡ ಎಳೆದ ತಂತಿಯ ಅಳತೆ ಸಾಧನ. ಕೊಳ್ಳುವಾಗ ಒಂದೇ ಪ್ರಶ್ನೆ ಕೇಳಿ: ಎಚ್ಚರಿಕೆ ಎಲ್ಲಿಗೆ ಬರುತ್ತದೆ? 15 ನಿಮಿಷಕ್ಕೊಮ್ಮೆ ಸರ್ವರ್‌ಗೆ ಮಾಹಿತಿ ಕಳಿಸುವ ಸಾಧನ ಕಚೇರಿಯ ವರದಿಗೆ ಸರಿ, ಕೆಳಗೆ ನಿಂತವನಿಗೆ ಉಪಯೋಗವಿಲ್ಲ. ನೆಟ್‌ವರ್ಕ್ ಹಂಗಿಲ್ಲದೆ ಸ್ಥಳದಲ್ಲೇ ಸೈರನ್ ಕೂಗಬೇಕು. ಅದು ಬರುವವರೆಗೆ ಬಿರುಕಿನ ಎರಡೂ ಬದಿ ಕಬ್ಬಿಣದ ಗೂಟ ಹೊಡೆದು ಗಂಟೆಗೊಮ್ಮೆ ಟೇಪಿನಲ್ಲಿ ಅಳೆದು ಬರೆದಿಡಿ. ಅಂತರ ಗಂಟೆಯಿಂದ ಗಂಟೆಗೆ ಹೆಚ್ಚುತ್ತಾ ಹೋದರೆ, ಎಷ್ಟೇ ಸಣ್ಣದಿರಲಿ, ಯಂತ್ರ ಹಿಂದಕ್ಕೆ ತೆಗೆಯಿರಿ. ಅಳೆಯಲು ಹೋಗುವವರು ಬಿರುಕಿನ ಕೆಳಬದಿಯಲ್ಲಿ ನಿಲ್ಲಬಾರದು.

ಮಳೆಯ ಲೆಕ್ಕಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ, ಆ ಅಂಕಿ ದಿನವಿಡೀ ಗಮನಿಸುತ್ತಿರಿ. ಮಳೆ ನಿಂತಿತು ಎಂದು ಕೂಡಲೇ ಇಳಿಯಬೇಡಿ, ನೆನೆದ ಮಣ್ಣು ಆಮೇಲೂ ಜರಿಯುತ್ತದೆ. ಟಿಪ್ಪರ್ ಮುಖ ಹೊರದಾರಿಗೆ ಇರಲಿ, ಎಂಜಿನ್ ಆಫ್ ಬೇಡ. ಬರೆ ನೋಡುವುದಕ್ಕೆಂದೇ ಒಬ್ಬನನ್ನು ಸೀಟಿ ಕೊಟ್ಟು ನಿಲ್ಲಿಸಿ, ಅವನ ಕೈಗೆ ಬೇರೆ ಕೆಲಸ ಕೊಡಬೇಡಿ. ರಾತ್ರಿ ತೆರವು ಮಾಡುವುದಾದರೆ ದೀಪವನ್ನು ರಸ್ತೆಗೆ ಮಾತ್ರವಲ್ಲ, ಬರೆಗೂ ತಿರುಗಿಸಿ. ಬರೆ ಕಾಣದಷ್ಟು ಮಂಜಿದ್ದರೆ ಕೆಲಸ ನಿಲ್ಲಿಸಿ.